ಹಾಸು-ಹೊಕ್ಕಿನ ವಸಂತ

ವಸಂತವೆಂದೊಡನೆ ನಮ್ಮಂತೆ ಕಾವ್ಯನಾಟಕಗಳನ್ನು ಓದಿ ಬೆಳೆದವರಿಗೆ ಮಲಯಮಾರುತವೂ ಅಶೋಕದ ಹೂಗೊಂಚಲೂ ಕೋಗಿಲೆಯ ಪಂಚಮಸ್ವರವೂ ನೆನಪಿಗೆ ಬರುವುದು ಸಹಜ. ತಳಕಿನ ಸೀಮೆಯ ವಸಂತವು ಅಂತಹುದಲ್ಲ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡನಾಡಿನಲ್ಲಿ ಅತ್ಯಲ್ಪ ಮಳೆ ಕಾಣುವ ಪ್ರದೇಶಗಳಲ್ಲಿ ಸೇರಿದವು. ಫಾಲ್ಗುಣ ಮಾಸದ ಹೊತ್ತಿಗೆ ವೇದಾವತಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಕಡಲೆಕಾಯಿ ಕಿತ್ತ ಹೊಲಗಳು ಬರಿದಾಗಿ ಬಿದ್ದಿರುತ್ತವೆ. ಹೀಗಿದ್ದರೂ ಬೇವು ಹೂ ಬಿಡುತ್ತದೆ, ಹೊಂಗೆ ಎಲೆಯುದುರಿಸಿ ಕೆಲವೇ ದಿನಗಳಲ್ಲಿ ಹೊಳೆಯುವ ಹಸಿರನ್ನು ಹೊದೆಯುತ್ತದೆ, ಎಲ್ಲೋ ಬಾವಿಯ ಮಗ್ಗುಲಿನ ಮಾವು ತಾಮ್ರವರ್ಣದ ಚಿಗುರನ್ನು ಹೊರಚಾಚುತ್ತದೆ. ಸಮೃದ್ಧಿಯಿರುವಲ್ಲಿ ಕಣ್ಣು ಸೋಮಾರಿಯಾಗುತ್ತದೆ. ಇಂತಹ ನೆಲದಲ್ಲಿ ಒಂದು ಚಿಗುರೂ ಅದರ ದೃಷ್ಟಿಯಿಂದ ತಪ್ಪಿಸಿಕೊಳ್ಳಲಾರದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವವು ಮುಗಿದು, ಭಕ್ತರು ಸುಟ್ಟ ಕೊಬ್ಬರಿಯ ಕಂಪು ಇನ್ನೂ ಬಟ್ಟೆಗಳಲ್ಲಿ ಉಳಿದಿದ್ದ ದಿನಗಳಲ್ಲಿ ನಾವು ತಳಕಿನಿಂದ ಮೊಳಕಾಲ್ಮೂರಿನ ಕಡೆಗೆ ಹೊರಟೆವು. ತಳಕು ಕನ್ನಡ ಓದುಗರಿಗೆ ಅಪರಿಚಿತವಾದ ಊರಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರ ಊರು. ಬಳ್ಳಾರಿಯ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ ಹಾನಗಲ್ಲಿನ ಬಳಿ ಬಲಕ್ಕೆ ಹೊರಳಿದರೆ, ಬಂಡೆಗಳ ರಾಶಿಯಂತೆ ಕಾಣುವ ಗುಡ್ಡಗಳ ನಡುವೆ ಮೊಳಕಾಲ್ಮೂರು. ನುಂಕೆಮಲೆಯ ಬೆಟ್ಟವು ಊರಿಗೆ ಕಾವಲಿದ್ದಂತಿದೆ. ನಮಗೆ ಬೇಕಾಗಿದ್ದುದು ಬೆಟ್ಟವಲ್ಲ, ಅಲ್ಲಿಯ ರೇಷ್ಮೆಸೀರೆಯ ಮಗ್ಗ. ಆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು.

ನಾವು ಹೋದ ಮನೆಯ ಯಜಮಾನರಿಗೆ ಅರವತ್ತರ ಸಮೀಪದ ವಯಸ್ಸು. ಹೆಸರನ್ನು ಬರೆಯಬೇಡಿರೆಂದರು; ಬರೆಯುವುದಿಲ್ಲ. ನಡುಮನೆಯ ಅರ್ಧ ಭಾಗವನ್ನು ಮಗ್ಗವೇ ಆಕ್ರಮಿಸಿದೆ. ನೆಲದಲ್ಲಿ ಕುಣಿ, ಕುಣಿಯೊಳಗೆ ಕಾಲಿಳಿಬಿಟ್ಟು, ಮೆಟ್ಟುಗಳನ್ನು ತುಳಿಯುತ್ತ, ನೆಲಮಟ್ಟದಲ್ಲಿ ಕುಳಿತು ನೇಯುವುದು. ಬೇಸಗೆಯ ಒಣಹವೆಗೆ ರೇಷ್ಮೆಯ ಎಳೆ ಬಿರುಸಾಗಿ ತುಂಡಾಗುವುದುಂಟು. ಕುಣಿಯ ತಂಪು ಅದನ್ನು ಒಂದಿಷ್ಟು ತಡೆಯುತ್ತದೆ. ಬೆಳಗಿನ ಐದು ಗಂಟೆಗೆ ಮಗ್ಗವಿಳಿದು ಬಿಸಿಲೇರುವುದರೊಳಗೆ ಮುಖ್ಯವಾದ ಕೆಲಸವನ್ನು ಮುಗಿಸಿಕೊಳ್ಳುವುದು ಆ ಮನೆಯ ವಾಡಿಕೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ನಾವು ಬಹುಕಾಲ ಮಕ್ಕಳಿಗೆ ತರ್ಕಸಂಗ್ರಹವನ್ನು ಪಾಠ ಹೇಳಿದವರು. ಪಟಕ್ಕೆ ತಂತುಗಳು ಸಮವಾಯಿಕಾರಣ, ತಂತುಗಳ ಸಂಯೋಗವು ಅಸಮವಾಯಿಕಾರಣ, ತುರೀವೇಮಾದಿಗಳು ನಿಮಿತ್ತಕಾರಣ ಎಂದು ಗಿಳಿಪಾಠ ಮಾಡಿಸಿದ್ದೆವು. ಬೃಹದಾರಣ್ಯಕದಲ್ಲಿ ಗಾರ್ಗಿಯು, ಈ ಲೋಕವೆಲ್ಲ ಯಾವುದರಲ್ಲಿ ಓತಪ್ರೋತವಾಗಿದೆಯೆಂದು ಯಾಜ್ಞವಲ್ಕ್ಯರನ್ನು ಮೇಲಿಂದಮೇಲೆ ಕೇಳಿದ ಪ್ರಸಂಗವನ್ನು ಬಣ್ಣಿಸಿದ್ದೆವು. ಆದರೆ ತುರಿಯೆಂಬುದು ಕೈಯಲ್ಲಿ ಎಷ್ಟು ತೂಗುತ್ತದೆಂಬುದನ್ನು ತಿಳಿದದ್ದು ಆ ದಿನವೇ. ಲಾಳಿಯನ್ನು ನಮ್ಮ ಅಂಗೈಯಲ್ಲಿಟ್ಟು ಯಜಮಾನರು ನಕ್ಕರು. ಉದ್ದಕ್ಕೆ ಹೂಡಿದ ಎಳೆ ಹಾಸು, ಅಡ್ಡಲಾಗಿ ಲಾಳಿ ಒಯ್ಯುವ ಎಳೆ ಹೊಕ್ಕು. ಹಾಸುಹೊಕ್ಕೆಂದು ದಿನಬಳಕೆಯಲ್ಲಿ ಆಡುವ ನಮಗೆ, ಅದು ಗಾರ್ಗಿಯ ಮಾತಿಗೇ ಕನ್ನಡವೆಂದು ಹೊಳೆದಿರಲಿಲ್ಲ.

ಮಗ್ಗಕ್ಕೆ ಮುಂಚಿನ ಕೆಲಸಗಳು ಅನೇಕ. ಹಸಿ ರೇಷ್ಮೆಯ ಮೇಲೆ ಹುಳುವಿನ ಅಂಟು ಇರುತ್ತದೆ. ಸಾಬೂನು, ಸೋಡಾಗಳ ನೀರಿನಲ್ಲಿ ಕುದಿಸಿದಾಗ ಅಂಟು ಬಿಟ್ಟು, ನೂಲು ಹೆಚ್ಚುಕಡಿಮೆ ಕಾಲುಭಾಗ ತೂಕವನ್ನು ಕಳೆದುಕೊಂಡು ಹೊಳಪನ್ನು ಪಡೆಯುತ್ತದೆ. ಆಮೇಲೆ ಬಣ್ಣ, ಆಮೇಲೆ ಕಂಡಿಕೆ ಸುತ್ತುವುದು. ಹಳೆಯ ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ, ಬೂದಿ ಹಚ್ಚಿದ ಬೆರಳುಗಳಿಂದ ಹಳೆಯ ತುದಿಗಳಿಗೆ ಹೊಸೆದು ಕೆಚ್ಚಬೇಕು. ಈ ಕೆಲಸಗಳಲ್ಲಿ ಹೆಚ್ಚಿನವು ಹೆಂಗಸರ ಪಾಲಿನವು. ನೇಕಾರ ಯಾರೆಂದರೆ ಮಾತ್ರ ಎಲ್ಲರೂ ಕುಣಿಯಲ್ಲಿ ಕುಳಿತ ಗಂಡಸಿನತ್ತ ಬೆರಳು ತೋರಿಸುತ್ತಾರೆ.

ಮೊಳಕಾಲ್ಮೂರಿನ ಸೀರೆಯ ವೈಶಿಷ್ಟ್ಯವಿರುವುದು ಅಂಚಿನಲ್ಲಿ. ಒಡಲು ಒಂದು ಬಣ್ಣ, ಅಂಚು ಮತ್ತೊಂದು. ಎರಡೂ ಬೆರೆಯದೆ, ಎರಡೂ ಶುದ್ಧವಾಗಿ ಉಳಿಯಬೇಕು. ಅದಕ್ಕಾಗಿ ಮೂರು ಲಾಳಿಗಳು: ಒಡಲಿಗೊಂದು, ಅಂಚುಗಳಿಗೆ ಒಂದೊಂದು. ಒಡಲಿನ ಹೊಕ್ಕು ಅಂಚಿನ ಗಡಿಯವರೆಗೆ ಹೋಗಿ, ಅಂಚಿನ ಹೊಕ್ಕಿನೊಡನೆ ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಒಬ್ಬನ ಎರಡು ಕೈಗಳಿಗೆ ಇದು ಸಾಲದು. ಪಕ್ಕದಲ್ಲಿ ಕುಳಿತು ಒಂದು ಅಂಚಿನ ಲಾಳಿಯನ್ನು ಎಸೆಯಲು ಎರಡನೆಯವರೊಬ್ಬರು ಬೇಕು. ಹಿಂದೆ ಆ ಸ್ಥಾನದಲ್ಲಿ ಮನೆಯ ಮಕ್ಕಳು ಕೂಡುತ್ತಿದ್ದರು. ಮಕ್ಕಳು ಶಾಲೆಗೆ ಹೋಗಲೇಬೇಕೆಂದು ಮನೆಮನೆಗೆ ತಿರುಗಿ ಹೇಳಿದ ಉಪಾಧ್ಯಾಯವರ್ಗಕ್ಕೆ ಸೇರಿದವರು ನಾವು. ಅದರ ಬಗೆಗೆ ನಮಗೆ ಪಶ್ಚಾತ್ತಾಪವಿಲ್ಲ. ಆದರೆ ಖಾಲಿಯಾದ ಆ ಸ್ಥಾನವನ್ನು ಯಾರು ತುಂಬಿದರೆಂದು ನಾವು ಯೋಚಿಸಿರಲಿಲ್ಲ. ಈ ಮನೆಯಲ್ಲಿ ಗೃಹಿಣಿಯು ತುಂಬಿದ್ದಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳು ಮದುವೆಯಾಗಿ ರಾಯದುರ್ಗದಲ್ಲಿದ್ದಾಳೆ. ಮಜೂರಿಯಾದರೋ ಸೀರೆಗೆ ಇಷ್ಟೆಂದು. ಎರಡು ಜೀವಗಳು ದುಡಿದರೂ ಲೆಕ್ಕಪುಸ್ತಕದಲ್ಲಿ ಒಂದೇ ಹೆಸರು.

ವಸಂತದ ಸಂಗತಿಗೆ ಬರೋಣ. ಬುಟ್ಟಾಗಳಲ್ಲಿ ಮಾವಿನಕಾಯಿ, ಹೂಬಳ್ಳಿ, ನವಿಲು, ಹಂಸಗಳಿವೆ. ರೇಷ್ಮೆಯಲ್ಲಿ ಹಂಸವನ್ನು ಮೂಡಿಸುವ ಅಭಿರುಚಿಯು ಬಹಳ ಹಳೆಯದು. ಕುಮಾರಸಂಭವದ ಐದನೆಯ ಸರ್ಗದಲ್ಲಿ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು, ಹಂಸಗಳ ಚಿತ್ರವುಳ್ಳ ಮದುವಣಗಿತ್ತಿಯ ದುಕೂಲವೆಲ್ಲಿ, ರಕ್ತ ತೊಟ್ಟಿಕ್ಕುವ ಆನೆದೊಗಲೆಲ್ಲಿ ಎಂದು ಪಾರ್ವತಿಯನ್ನು ಕೆಣಕುತ್ತಾನಷ್ಟೆ. ಅದನ್ನು ಯಜಮಾನರಿಗೆ ಹೇಳಿದೆವು. ಅವರಿಗೆ ಸಂತೋಷವಾಯಿತು, ಆನೆಯ ಚರ್ಮವನ್ನು ಯಾರು ಹದ ಮಾಡುತ್ತಿದ್ದರೆಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರತಿವರ್ಷ ಹೊಸ ಹೂವನ್ನು ಕಂಡು ಹೊಸ ಬುಟ್ಟಾ ಕಲ್ಪಿಸುವಿರಾ ಎಂದು ವಿಚಾರಿಸಿದೆವು. “ಎಲ್ಲಿಂದ ಬರ್ಬೇಕು ಮೇಷ್ಟ್ರೆ? ಹೂವಿಗೇನು ದುಡ್ಡಿಲ್ಲ, ರಟ್ಟಿಗೆ ದುಡ್ಡು” ಎಂದರು. ಮಗ್ಗದ ತಲೆಯ ಮೇಲೆ ಕುಳಿತಿರುವ ಜಕಾರ್ಡ್ ಯಂತ್ರವು ಫ್ರಾನ್ಸಿನ ಲಿಯಾನ್ ಪಟ್ಟಣದ ಜಕಾರ್ಡನೆಂಬಾತನು 1804ರ ಸುಮಾರಿಗೆ ರೂಪಿಸಿದುದು. ತೂತು ಕೊರೆದ ರಟ್ಟುಗಳ ಸರಮಾಲೆಯು, ಯಾವ ಎಳೆ ಏಳಬೇಕು, ಯಾವುದು ಇಳಿದಿರಬೇಕೆಂಬುದನ್ನು ವಿಧಿಸುತ್ತದೆ. ಹೊಸ ಹೂವೆಂದರೆ ಚೌಕುಳಿ ಕಾಗದದಲ್ಲಿ ಹೊಸ ನಕ್ಷೆ, ನಕ್ಷೆಗೆ ತಕ್ಕ ಹೊಸ ರಟ್ಟುಗಳು. ಆ ವೆಚ್ಚವು ಒಂದೆರಡು ಸೀರೆಗಳಿಂದ ಹುಟ್ಟುವುದಿಲ್ಲ. ಆದುದರಿಂದ ಬಡ ನೇಕಾರನ ಕಲ್ಪನೆಗೆ ಉಳಿಯುವುದು ಬಣ್ಣವೊಂದೇ. ನೂಲು ಹಾಸಿನವರ ಅಂಗಡಿಯದಾದರೆ ಅದೂ ಅವರ ಇಚ್ಛೆಯಂತೆ.

ಆದರೂ ಅಲ್ಲೊಂದು ಸಂದಿಯಿದೆ. ಈ ಮನೆಯಲ್ಲಿ ಒಂದು ಹಾಸಿನಿಂದ ಮೂರು ಸೀರೆಗಳು ಇಳಿಯುತ್ತವೆ. ನಾವು ಕಂಡ ಹಾಸಿನ ಒಡಲು ಕಡುಗೆಂಪು, ಅಂಚು ಹಸಿರು. ವೈಶಾಖದ ಮದುವೆಗಳಿಗೆಂದು ಅಂಗಡಿಯವರು ಹೇಳಿದ್ದು ಕೆಂಪು ಒಡಲಿನ ಎರಡು ಸೀರೆಗಳನ್ನು. ಮೂರನೆಯದನ್ನು ಯಜಮಾನರು ಹಾಸಿನ ಬೆಲೆಯನ್ನು ಮುರಿದುಕೊಡುವ ಕರಾರಿನ ಮೇಲೆ ತಮಗಾಗಿ ಇಟ್ಟುಕೊಂಡಿದ್ದಾರೆ. ಹೊಕ್ಕಿಗೆ ಅವರು ಕೊಂಡು ತಂದಿರುವುದು ಕೆಂಪಲ್ಲ, ಹಸಿರು. ಕೆಂಪು ಹಾಸಿನ ಮೇಲೆ ಹಸಿರು ಹೊಕ್ಕು ಹಾಯ್ದಾಗ ಒಡಲು ಒಂದು ಮಗ್ಗುಲಿಂದ ಕೆಂಪಾಗಿಯೂ ಮತ್ತೊಂದರಿಂದ ಹಸಿರಾಗಿಯೂ ಕಾಣಿಸಿ, ನಡುವೆ ತಾಮ್ರದ ಛಾಯೆಯೊಂದು ಆಡುತ್ತದೆ. ಬಾವಿಯ ಬಳಿಯ ಮಾವಿನ ಚಿಗುರನ್ನು ಕಂಡು ಇದು ಹೊಳೆಯಿತೆಂದರು. ಅಂಗೈಯಗಲದ ಮಾದರಿಯೊಂದನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮೂರು ದಿನದ ಚಿಗುರೇ ಸರಿ.

ಇಷ್ಟೇ ಆಗಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಒಡಲಿನ ಹೊಕ್ಕೂ ಹಸಿರು, ಅಂಚಿನ ಹೊಕ್ಕೂ ಹಸಿರಾದ ಮೇಲೆ ಮೂರು ಲಾಳಿಗಳೇಕೆ? ಒಂದೇ ಲಾಳಿ ಈ ಅಂಚಿನಿಂದ ಆ ಅಂಚಿನವರೆಗೆ ಓಡಿದರೂ ಹಸಿರು ಹಾಸಿನ ಅಂಚು ಹಸಿರಾಗಿಯೇ ಉಳಿಯುವುದು. ಪಕ್ಕದಲ್ಲಿ ಯಾರೂ ಕೂಡಬೇಕಾಗಿಲ್ಲ. ಯಜಮಾನರು ಧ್ವನಿ ತಗ್ಗಿಸಿ ಹೇಳಿದರು: “ಆಕೆಗೆ ಬಲಗೈ ಮೇಲೇಳಲ್ಲ ಮೇಷ್ಟ್ರೆ. ರಾತ್ರಿಯೆಲ್ಲ ಭುಜ ಒತ್ಕೊಂತ ಕೂತಿರ್ತಾಳೆ. ಚಿಗುರು ಕಂಡಿದ್ದು ನಿಜ, ಇದೂ ನಿಜ.”

ಒಳಗಿನಿಂದ ನೀರು ತಂದ ಗೃಹಿಣಿಗೆ ಎಲ್ಲವೂ ಕೇಳಿಸಿತ್ತು. “ಇವ್ರು ಹೇಳ್ತಾರೆ. ಬರೇ ಒಂದ್ ಲಾಳೀಲಿ ನೇಯ್ದಿದ್ದನ್ನ ಮೊಳಕಾಲ್ಮೂರು ಸೀರೆ ಅಂತ ನಾನು ಯಾರ ಮುಂದೆ ಹಿಡೀಲಿ?” ಎಂದರು. ನಾವು ಸುಮ್ಮನಾದೆವು. ಆಕೆಯ ಮಾತಿನಲ್ಲಿ ನ್ಯಾಯವಿತ್ತು. ಭುಜದ ನೋವಿನಲ್ಲಿಯೂ ಇತ್ತು. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕಚಕ್ರವರ್ತಿಯ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನು ಕಾಣಿಸಿದ್ದಾನೆ. 1892ರಲ್ಲಿ ರೈಸ್ ಸಾಹೇಬರು ಆ ಶಾಸನವನ್ನು ಬೆಳಕಿಗೆ ತಂದುದರಿಂದ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲದ ಮೇಲೆ ಅವನನ್ನು ನಾವು ಬಲ್ಲೆವು. ಈ ತಾಯಿಗೆ ಸೀರೆಯಲ್ಲಿರುವ ಸಹಿಯೆಂದರೆ ಅಂಚಿನ ಆ ಕೊಂಡಿಯ ಸಾಲು ಮಾತ್ರ.

ಸೀರೆ ಕೊಳ್ಳುವ ಸೋದರಿಯರಿಗೆ ಒಂದು ಸೂಚನೆ. ಬೇರೆಡೆ ವಿದ್ಯುತ್‌ಮಗ್ಗದಲ್ಲಿ ನೇಯ್ದ ಸೀರೆಗಳು ಇದೇ ಹೆಸರಿನಲ್ಲಿ ಮಾರಾಟವಾಗುವುದುಂಟು. ಮಗ್ಗುಲು ಮಗುಚಿ, ಒಡಲೂ ಅಂಚೂ ಕೂಡುವ ಗಡಿಯನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಕೈಯಿಂದ ಹಾಕಿದ ಕೊಂಡಿಯ ಸಣ್ಣ ಉಬ್ಬು ತಿಳಿಯುತ್ತದೆ. ಸೆರಗಿನ ಕುಚ್ಚಿನ ಒಂದೆಳೆಯನ್ನು ಸುಟ್ಟರೆ ರೇಷ್ಮೆಯಾದಲ್ಲಿ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುವುದು. ಮನೆಯಲ್ಲಿ ಹಳೆಯ ಹತ್ತಿಪಂಚೆಯಲ್ಲಿ ಸುತ್ತಿಟ್ಟು, ಆಗಾಗ ಮಡಿಕೆಯನ್ನು ಬದಲಿಸುತ್ತಿರಿ. ಒಂದೇ ಮಡಿಕೆಯಲ್ಲಿ ಬಹುದಿನವಿದ್ದರೆ ಜರಿ ಸೀಳುತ್ತದೆ.

ನಾವು ಹೊರಡುವ ಹೊತ್ತಿಗೆ ಎರಡನೆಯ ಸೀರೆ ಸೆರಗಿನ ಸಮೀಪಕ್ಕೆ ಬಂದಿತ್ತು. ಯುಗಾದಿಯ ವೇಳೆಗೆ ಮೂರನೆಯದನ್ನು ತೊಡಗಬೇಕು. ಅದು ಒಂದು ಲಾಳಿಯದೋ ಮೂರರದೋ ಇನ್ನೂ ತೀರ್ಮಾನವಾಗಿರಲಿಲ್ಲ. ಯಜಮಾನರು ಮತ್ತೆ ಕುಣಿಗಿಳಿದರು. ಗೃಹಿಣಿಯು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕುಳಿತು, ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿದು ಲಾಳಿಯನ್ನು ತೆಗೆದುಕೊಂಡರು. ನಾವು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು.

“ಸ್ವಲ್ಪ ಆ ಕಡೆ ಸರೀರಿ ಮೇಷ್ಟ್ರೆ,” ಎಂದರು ಆಕೆ, ತಲೆಯೆತ್ತದೆ, “ಬೆಳಕಿಗೆ ಅಡ್ಡ ನಿಂತಿದೀರಿ.”