ಕೊರಕಲು ಬಿದ್ದ ನೆಲವೂ ಕೆಲಸವಿಲ್ಲದ ಕೈಗಳೂ

ಈ ದಿವಸ ನಾವು ಪರ್ಯಾಲೋಚಿಸಲು ಉದ್ದೇಶಿಸಿರುವ ವಿಷಯವು ಎರಡು ಬಗೆಯ ನಷ್ಟಗಳಿಗೆ ಸಂಬಂಧಪಟ್ಟುದು. ಮಳೆಯ ನೀರಿನೊಡನೆ ಕೊಚ್ಚಿಹೋಗುವ ಮಣ್ಣು ಒಂದು. ಬದುಕಿಗೆ ದಾರಿಯಿಲ್ಲದೆ ಊರನ್ನು ಬಿಟ್ಟುಹೋಗುವ ತರುಣನು ಮತ್ತೊಂದು. ಮೊದಲನೆಯದನ್ನು ಕೃಷಿಯ ವಿಷಯವೆಂದೂ, ಎರಡನೆಯದನ್ನು ಸಮಾಜದ ವಿಷಯವೆಂದೂ ಬೇರೆಬೇರೆಯಾಗಿ ಎಣಿಸುವುದು ರೂಢಿಯಾಗಿದೆ. ಒಂದೇ ಕೆಲಸದಿಂದ ಎರಡನ್ನೂ ತಡೆಯಬಹುದೇ ಎಂಬುದನ್ನು ಕಲಬುರಗಿ ಜಿಲ್ಲೆಯ ಒಂದು ಮೂಲೆಯನ್ನು ಕಣ್ಣಮುಂದಿರಿಸಿಕೊಂಡು ವಿಚಾರಮಾಡೋಣ.

ಚಿಂಚೋಳಿ ತಾಲ್ಲೂಕಿನಲ್ಲಿ ಚಂದ್ರಂಪಳ್ಳಿಯೆಂಬ ಗ್ರಾಮವಿದೆ. ಕೆಂಪು ಜಂಬಿಟ್ಟಿಗೆಯ ಗುಡ್ಡಗಳು, ಕುರುಚಲು ಕಾಡು, ಗುಡ್ಡಗಳ ನಡುವೆ ಮುಲ್ಲಾಮಾರಿಯ ಉಪನದಿಗೆ ಕಟ್ಟಿದ ಜಲಾಶಯ, ಇವು ಆ ಪ್ರದೇಶದ ಗುರುತುಗಳು. ಮುಲ್ಲಾಮಾರಿಯು ಕಾಗಿಣೆಯನ್ನೂ, ಕಾಗಿಣೆಯು ಭೀಮೆಯನ್ನೂ ಸೇರುವುವು. ಇಲ್ಲಿಯ ಅರಣ್ಯದಲ್ಲಿ ಸುಮಾರು 135 ಚದರ ಕಿಲೋಮೀಟರಿನಷ್ಟನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳಿಗೆ ಅದು ಆಶ್ರಯವಾಗಿದೆ. ಗುಡ್ಡದ ಮೇಲೆ ಬಿದ್ದ ಮಳೆಯು ತಡೆಯಿಲ್ಲದೆ ಇಳಿದರೆ ಮಣ್ಣನ್ನು ಸುಲಿದು ಕೊರಕಲು ಮಾಡುವುದು; ಆ ಮಣ್ಣೇ ಹೂಳಾಗಿ ಜಲಾಶಯವನ್ನು ಸೇರುವುದು. ಮೇಲಿನವನಿಗೆ ಮಣ್ಣಿನ ನಷ್ಟ, ಕೆಳಗಿನವನಿಗೆ ನೀರಿನ ನಷ್ಟ.

ಈ ಸೀಮೆಯ ತರುಣರ ಸ್ಥಿತಿಯೇನು? ತೊಗರಿಯ ಸುಗ್ಗಿಯು ಮುಗಿದೊಡನೆ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಸಂಸಾರ ಸಂಸಾರಗಳೇ ಮುಂಬಯಿ, ಪುಣೆ, ಹೈದರಾಬಾದುಗಳ ಕಡೆಗೆ ಹೊರಡುವುವು. ತಂದೆತಾಯಿಗಳೊಡನೆ ಹೋದ ಬಾಲಕನ ಶಾಲೆಯು ನಡುವೆಯೇ ನಿಲ್ಲುವುದು. ಹಿಂದಿರುಗಿದಾಗ ಅವನು ತರಗತಿಗೆ ದೊಡ್ಡವನು, ಕಸಬಿಗೆ ಚಿಕ್ಕವನು. ಶಹಾಬಾದಿನ ಕಲ್ಲಿನ ಗಣಿಗಳು ಸಮೀಪದಲ್ಲಿವೆ ನಿಜ. ಆದರೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು 14 ವರ್ಷ ತುಂಬದವರನ್ನು ದುಡಿಮೆಗೆ ಹಚ್ಚುವುದನ್ನೂ, 18 ವರ್ಷ ತುಂಬದವರನ್ನು ಗಣಿಯಂತಹ ಅಪಾಯದ ಕೆಲಸಕ್ಕೆ ಹಚ್ಚುವುದನ್ನೂ ನಿಷೇಧಿಸಿದೆ. ನಿಷೇಧವು ಅಗತ್ಯವಾದುದೇ. ಆದರೆ ಒಂದು ಬಾಗಿಲನ್ನು ಮುಚ್ಚಿದವರು ಇನ್ನೊಂದನ್ನು ತೆರೆಯಬೇಕಾದುದೂ ಧರ್ಮವಷ್ಟೆ?

ಇಂತಹ ಬಾಗಿಲನ್ನು ಬಹು ದೊಡ್ಡ ಪ್ರಮಾಣದಲ್ಲಿ ತೆರೆದುದು ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ಆರ್ಥಿಕ ಮುಗ್ಗಟ್ಟು ವಿಪರೀತವಾಗಿದ್ದ 1933ರಲ್ಲಿ ಅಧ್ಯಕ್ಷ ರೂಸ್ವೆಲ್ಟರು ನಾಗರಿಕ ಸಂರಕ್ಷಣಾ ದಳವನ್ನು ಸ್ಥಾಪಿಸಿದರು. ಬಡ ಕುಟುಂಬಗಳ ಅವಿವಾಹಿತ ತರುಣರು ಶಿಬಿರಗಳಲ್ಲಿ ತಂಗಿ, ಕಾಡು ಬೆಳೆಸುವ, ಕೊರಕಲು ಮುಚ್ಚುವ, ಕಾಡ್ಗಿಚ್ಚು ತಡೆಯುವ ಕೆಲಸಗಳನ್ನು ಮಾಡಿದರು. ತಿಂಗಳ ಸಂಬಳ 30 ಡಾಲರು. ಅದರಲ್ಲಿ ಸುಮಾರು 25 ಡಾಲರು ನೇರವಾಗಿ ಮನೆಗೆ ಹೋಗುತ್ತಿತ್ತು. 1942ರಲ್ಲಿ ದಳವು ವಿಸರ್ಜನೆಯಾಗುವುದರೊಳಗಾಗಿ ಸುಮಾರು 30 ಲಕ್ಷ ಜನರು ಅದರಲ್ಲಿ ದುಡಿದು, ಸುಮಾರು 300 ಕೋಟಿ ಗಿಡಗಳನ್ನು ನೆಟ್ಟಿದ್ದರು. ಸಂಜೆಯ ಪಾಠಗಳಿಂದ ಹತ್ತಾರು ಸಾವಿರ ಮಂದಿ ಓದುಬರಹ ಕಲಿತರು. ದೋಷಗಳೂ ಇಲ್ಲದಿರಲಿಲ್ಲ: ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ಕಪ್ಪು ಜನಾಂಗದ ತರುಣರನ್ನು ಬಹುಮಟ್ಟಿಗೆ ಪ್ರತ್ಯೇಕ ಶಿಬಿರಗಳಲ್ಲಿರಿಸಿದರು. ಗುಣವನ್ನು ಗ್ರಹಿಸುವಾಗ ದೋಷವನ್ನು ಮರೆಯಲಾಗದು.

ನಮ್ಮ ದೇಶದಲ್ಲಿಯೂ ನಿದರ್ಶನಗಳಿಲ್ಲದಿಲ್ಲ. ಸುಣ್ಣಕಲ್ಲಿನ ಗಣಿಗಳಿಂದ ಗಾಯಗೊಂಡಿದ್ದ ಮಸ್ಸೂರಿಯ ಬೆಟ್ಟಗಳನ್ನು ಮತ್ತೆ ಹಸುರುಮಾಡುವ ಕೆಲಸವನ್ನು 1982ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಸೇನೆಯ ಪರಿಸರ ದಳವು ವಹಿಸಿಕೊಂಡಿತು. ಅವರು ನಿವೃತ್ತ ಯೋಧರು, ತರುಣರಲ್ಲ. ಆದರೂ ವಾಡಿ, ಶಹಾಬಾದು, ಸೇಡಂಗಳ ಸುಣ್ಣಕಲ್ಲಿನ ಹೊಂಡಗಳನ್ನು ನೋಡಿದವರಿಗೆ ಆ ಪಾಠವು ದೂರದ್ದಲ್ಲ. ಕಲಬುರಗಿ ಜಿಲ್ಲೆಯಲ್ಲಿಯೇ 1980ರ ದಶಕದಲ್ಲಿ ಕರ್ನಾಟಕ ಸರ್ಕಾರವೂ ಮೈರಾಡ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ನೆರವಿನಿಂದ ಜಲಾನಯನ ಕಾರ್ಯವನ್ನು ಕೈಗೊಂಡು, ಯೋಜನೆಯಲ್ಲಿ ಗ್ರಾಮಸ್ಥರನ್ನೇ ಪಾಲುಗಾರರನ್ನಾಗಿ ಮಾಡಿಕೊಂಡುವು. ಮುಂದೆ 2005ರ ಉದ್ಯೋಗ ಖಾತ್ರಿ ಕಾಯಿದೆಯು ಬದು, ಹೊಂಡ, ಕೆರೆಗಳ ಕೆಲಸಕ್ಕೆ ಕೂಲಿ ಕೊಡುವ ಪದ್ಧತಿಯನ್ನು ಹಳ್ಳಿಹಳ್ಳಿಗೂ ಪರಿಚಯ ಮಾಡಿಸಿತು. ಕೂಲಿಯೊಡನೆ ವಿದ್ಯೆಯನ್ನೂ ಸೇರಿಸುವುದೇ ನಾವು ಈಗ ಹೇಳಹೊರಟಿರುವ ಮಾತು.

ನೆಲದ ದುರಸ್ತಿಯಲ್ಲಿ ವಿದ್ಯೆಯೆಂಬುದು ಇದೆಯೇ ಎಂದು ಕೆಲವರು ಶಂಕಿಸಬಹುದು. ಒಂದು ಉದಾಹರಣೆಯನ್ನು ಕೊಡುವೆವು. ಎರಡು ಸಮನಾದ ಕೋಲುಗಳನ್ನು ತುದಿಯಲ್ಲಿ ಜೋಡಿಸಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಕೋಲನ್ನು ಬಿಗಿದು, ತುದಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಬೇಕು. ದಾರವು ಅಡ್ಡಕೋಲಿನ ನಡುಗುರುತನ್ನು ಮುಟ್ಟಿದಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆಯೆಂದು ತಿಳಿಯಬೇಕು. ಈ ಸಲಕರಣೆಯಿಂದ ಗುಡ್ಡದ ಮೈಮೇಲೆ ಸಮಮಟ್ಟದ ಗೆರೆಯನ್ನು ಗುರುತಿಸಿ ಕಾಲುವೆ ತೋಡಿದರೆ, ಓಡುವ ನೀರು ನಿಲ್ಲುವುದು; ನಿಂತ ನೀರು ಇಂಗುವುದು. ಶಾಲೆಯಲ್ಲಿ ಕೋನವೆಂದರೆ ಬೆದರಿದ ಹುಡುಗನು ಇಲ್ಲಿ ರೇಖಾಗಣಿತವನ್ನು ಕೈಯಿಂದಲೇ ಕಲಿಯುವನು.

ಕೆಲಸವು ನೆತ್ತಿಯಿಂದ ಮೊದಲಾಗಿ ಕಣಿವೆಗೆ ಇಳಿಯಬೇಕು. ಮೇಲಿನ ಸಣ್ಣ ಕೊರಕಲುಗಳಿಗೆ ಕಲ್ಲಿನ ತಡೆಗಳನ್ನು ಹಾಕದೆ ಕೆಳಗೆ ದೊಡ್ಡ ಒಡ್ಡು ಕಟ್ಟಿದರೆ, ಅದು ಹೂಳಿನಿಂದ ಬೇಗನೆ ತುಂಬಿಹೋಗುವುದು. ಬೇಸಗೆಯಲ್ಲಿ ಸಸಿಗಳನ್ನು ಬೆಳೆಸಿ, ಮುಂಗಾರು ನೆಲೆಗೊಂಡ ಮೇಲೆ ಬೇವು, ಹೊಂಗೆ, ಕಮರಗಳಂತಹ ಈ ನೆಲಕ್ಕೆ ಒಗ್ಗಿದ ಮರಗಳನ್ನು ನೆಡಬೇಕು. ಆದರೆ ಗಿಡ ನೆಡುವುದೊಂದೇ ಪುನರುದ್ಧಾರವೆಂಬ ಭ್ರಾಂತಿಯು ಕೂಡದು. ತೋಳಕ್ಕೂ ಕೃಷ್ಣಮೃಗಕ್ಕೂ ಬಯಲ ಹುಲ್ಲೇ ಮನೆ. ಅಲ್ಲಿ ಮರ ತುಂಬಿದರೆ ಅವುಗಳ ಮನೆಯನ್ನು ಕೆಡಿಸಿದಂತಾಗುವುದು. ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಗುದ್ದಲಿಯನ್ನೂ ಹಾಕಲಾಗದು.

ಇದರಿಂದ ತರುಣನಿಗೇನು ಲಾಭ? ಜೇಬಿಗೆ ಕೂಲಿ, ಕೈಗೆ ಕಸಬು. ಇವೆರಡಕ್ಕಿಂತಲೂ ಮೇಲಾದುದು ಇನ್ನೊಂದಿದೆ. ನಿಷ್ಪ್ರಯೋಜಕನೆಂಬ ಮಾತನ್ನು ಕೇಳಿ ಕೇಳಿ ಬೆಳೆದವನು, ತಾನು ಇಟ್ಟ ಕಲ್ಲಿನ ಹಿಂದೆ ಮೊದಲ ಮಳೆಯ ನೀರು ನಿಂತುದನ್ನು ಕಾಣುವನು. ಆ ಸಾಕ್ಷ್ಯವನ್ನು ಯಾರೂ ಅಲ್ಲಗಳೆಯಲಾರರು. ಪರಪಟ್ಟಣದಲ್ಲಿ ಅವನು ಕಟ್ಟಿದ ಮಹಡಿ ಪರರದು. ಇಲ್ಲಿ ಉಳಿಸಿದ ಮಣ್ಣು ತನ್ನೂರಿನದು.

ಆದರೆ ಕೆಲವು ನಿಬಂಧನೆಗಳು ಅವಶ್ಯಕ. ಶಾಲೆಗೆ ಹೋಗಬೇಕಾದ ಮಗುವನ್ನು ಕೆಲಸಕ್ಕೆ ಕರೆಯಬಾರದು. ತರಬೇತಿಯ ಹೆಸರಿನಲ್ಲಿ ಬಿಟ್ಟಿ ದುಡಿಸಬಾರದು. ಕೂಲಿಯು ಸಕಾಲದಲ್ಲಿ ಸಲ್ಲಬೇಕು. ಹೆಣ್ಣುಮಕ್ಕಳಿಗೂ ಸಮಾನವಾದ ಸ್ಥಾನವಿರಬೇಕು. ಕಾಡಿನ ಜಾಡನ್ನು ಬಲ್ಲ ತಾಂಡಾದ ಹಿರಿಯರನ್ನು ಗುರುಗಳನ್ನಾಗಿ ಗೌರವಿಸಬೇಕು. ಕೆಲಸವು ಒಂದು ಮಳೆಗಾಲಕ್ಕೆ ಮುಗಿಯದೆ, ನೆಟ್ಟ ಸಸಿಯನ್ನೂ ಕಟ್ಟಿದ ತಡೆಯನ್ನೂ ಕೆಲವು ವರ್ಷಗಳವರೆಗೆ ಅದೇ ಕೈಗಳೇ ನೋಡಿಕೊಳ್ಳುವಂತಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಉಪಕಾರವಾಗದೆ ಮತ್ತೊಂದು ಶೋಷಣೆಯಾದೀತು.

ಕೊರಕಲು ಒಂದು ದಿನದಲ್ಲಿ ಬಿದ್ದುದಲ್ಲ. ಒಂದು ದಿನದಲ್ಲಿ ಮುಚ್ಚುವುದೂ ಇಲ್ಲ. ಮನುಷ್ಯನ ಮನಸ್ಸಿನಲ್ಲಿ ಬಿದ್ದ ಕೊರಕಲಿನ ವಿಷಯದಲ್ಲಿಯೂ ಈ ಮಾತು ನಿಜ. ಎರಡಕ್ಕೂ ಬೇಕಾದುದು ಮೇಲಿನಿಂದ ಒಂದೊಂದೇ ಕಲ್ಲನ್ನಿಡುತ್ತ ಬರುವ ತಾಳ್ಮೆ. ಚಂದ್ರಂಪಳ್ಳಿಯ ಗುಡ್ಡಗಳಲ್ಲಿ ಕಲ್ಲಿಗೆ ಕೊರತೆಯಿಲ್ಲ, ಕೈಗಳಿಗೂ ಕೊರತೆಯಿಲ್ಲ; ಅವೆರಡನ್ನೂ ಕೂಡಿಸುವ ಹೊಣೆಯು ನಮ್ಮೆಲ್ಲರದು.