ಮೊದಲ ಪ್ರೋಗ್ರಾಮಿಂಗ್ ಪಾಠ: ಹಣ ಕಟ್ಟುವ ಮೊದಲು ಒಂದು ತಿಂಗಳು



ಕೆಲವು ತಿಂಗಳ ಹಿಂದೆ ಜುಮಾ ನಮಾಝ್ ಮುಗಿದ ಮೇಲೆ ಜಮಾಅತಿನ ಒಬ್ಬ ಸಹೋದರರು ನಮ್ಮ ಬಳಿ ಬಂದು ಕುಳಿತರು. ಬಾಡಿಗೆ ಆಟೋ ಓಡಿಸುವವರು. ಕೈಯಲ್ಲಿ ಒಂದು ಬಣ್ಣದ ಕರಪತ್ರ ಇತ್ತು. “ಉಸ್ತಾದ್, ಮಗನ ಪಿಯುಸಿ ಮುಗಿಯಿತು. ಕೋಡಿಂಗ್ ಕಲಿಯುತ್ತೇನೆ ಎನ್ನುತ್ತಾನೆ. ಇವರು ಅರುವತ್ತು ಸಾವಿರ ಕೇಳುತ್ತಾರೆ. ಇವನ ತಾಯಿಯ ಬಳೆ ಅಡವಿಡೋಣ ಎಂದುಕೊಂಡಿದ್ದೇವೆ. ನೀವು ಏನು ಹೇಳುತ್ತೀರಿ?” ಎಂದು ಕೇಳಿದರು.

ನಾವು ಮದ್ರಸದಲ್ಲಿ ಕಲಿತವರು, ಆಮೇಲೆ ಬಿ.ಎ. ಮಾಡಿದವರು. ಪ್ರೋಗ್ರಾಮಿಂಗ್ ನಮ್ಮ ವಿಷಯವಲ್ಲ. ಆದರೆ ಮನೆಯ ಬಳೆಯ ಪ್ರಶ್ನೆಗೆ ತಿಳಿಯದೆ ಉತ್ತರ ಕೊಡುವಂತಿಲ್ಲ. ಒಂದು ವಾರ ಸಮಯ ಕೇಳಿದೆವು. ಜಮಾಅತಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮೂವರು ಯುವಕರನ್ನು ಕೂರಿಸಿ ವಿಚಾರಿಸಿದೆವು. ಮೊದಲ ಕೆಲವು ಪಾಠಗಳನ್ನು ನಾವೇ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದೆವು. ಇದೇ ಪ್ರಶ್ನೆ ಬಹಳ ಮನೆಗಳಲ್ಲಿ ಇರುವುದರಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಲಿಯುವುದೆಂದರೆ ಏನು?

ಕಂಪ್ಯೂಟರಿಗೆ ಒಂದು ಕೆಲಸವನ್ನು ಹಂತ ಹಂತವಾಗಿ, ಒಂದು ಹಂತವೂ ತಪ್ಪದಂತೆ ಹೇಳಿಕೊಡುವುದೇ ಪ್ರೋಗ್ರಾಮಿಂಗ್. ಹೀಗೆ ಹಂತಗಳಾಗಿ ಬಿಡಿಸಿದ ಕ್ರಮಕ್ಕೆ ‘ಅಲ್ಗಾರಿದಮ್’ ಎನ್ನುತ್ತಾರೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರು ಲ್ಯಾಟಿನ್ ಭಾಷೆಗೆ ಹೋಗಿ ಈ ಪದವಾಯಿತು. ಆದುದರಿಂದ ಇದು ನಮಗಲ್ಲದ ವಿದ್ಯೆ ಎಂದು ಯಾರೂ ಹಿಂಜರಿಯಬೇಕಾಗಿಲ್ಲ.

ಇದು ಕೇಳಿ ಬರುವ ವಿದ್ಯೆಯಲ್ಲ, ಮಾಡಿ ಬರುವ ವಿದ್ಯೆ. ಮಕ್ಕಳು ಹಿಫ್ಝ್ ಮಾಡುವುದನ್ನು ನಾವು ದಿನವೂ ನೋಡುತ್ತೇವೆ. ದೊಡ್ಡ ಖಾರಿಯ ಕಿರಾಅತನ್ನು ವರ್ಷವಿಡೀ ಕೇಳಿದರೂ ಯಾರೂ ಹಾಫಿಝ್ ಆಗುವುದಿಲ್ಲ. ಮಗು ತಾನೇ ಓದಬೇಕು, ಉಸ್ತಾದರ ಮುಂದೆ ಒಪ್ಪಿಸಬೇಕು, ತಪ್ಪಿದಲ್ಲಿ ಮತ್ತೆ ಓದಬೇಕು. ಪ್ರೋಗ್ರಾಮಿಂಗೂ ಹಾಗೆಯೇ. ಯೂಟ್ಯೂಬಿನಲ್ಲಿ ಹತ್ತು ಗಂಟೆಯ ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾದಂತೆ ಕಾಣುತ್ತದೆ. ಖಾಲಿ ಪರದೆಯ ಮುಂದೆ ಕುಳಿತಾಗ ಒಂದು ಸಾಲೂ ಬರುವುದಿಲ್ಲ.

ಪಾಠವನ್ನು ಆರಿಸುವಾಗ ನಾಲ್ಕು ಪ್ರಶ್ನೆ

ಒಂದು: ಕಲಿಯುವವನಿಂದ ಬರೆಸುತ್ತದೆಯೇ? ಪ್ರತಿ ಪಾಠದ ಕೊನೆಗೆ ಅಭ್ಯಾಸ ಇರಬೇಕು. ಅಭ್ಯಾಸವಿಲ್ಲದ ಪುಸ್ತಕ, ವಿಡಿಯೋ ಎಷ್ಟು ಚೆನ್ನಾಗಿದ್ದರೂ ಮೊದಲ ಗುರುವಾಗಲಾರದು.

ಎರಡು: ಯಾರಿಗಾಗಿ ಬರೆದದ್ದು? ಪೈಥಾನ್ ಭಾಷೆಯ ಅಧಿಕೃತ ಜಾಲತಾಣದಲ್ಲಿರುವ ಪಾಠ ಬೇರೆ ಭಾಷೆಯಲ್ಲಿ ಈಗಾಗಲೇ ಪ್ರೋಗ್ರಾಮ್ ಬರೆದವರಿಗಾಗಿ ಇರುವಂಥದ್ದು. ಹೊಸಬ ಅದನ್ನು ತೆರೆದು ಅರ್ಥವಾಗದೆ ‘ನನಗೆ ಬುದ್ಧಿಯಿಲ್ಲ’ ಎಂದುಕೊಳ್ಳುತ್ತಾನೆ. ತಪ್ಪು ಅವನದಲ್ಲ, ಆಯ್ಕೆಯದು. ಏನೂ ತಿಳಿಯದವರಿಗೆಂದೇ ಬರೆದದ್ದನ್ನು ಹುಡುಕಬೇಕು.

ಮೂರು: ಎಷ್ಟು ಹಳೆಯದು? ಪೈಥಾನಿನ ಎರಡನೇ ಆವೃತ್ತಿಗೆ 2020ರ ಜನವರಿ 1ರಿಂದ ಬೆಂಬಲ ನಿಂತಿದೆ. ಪುಸ್ತಕದ ಮೊದಲ ಅಧ್ಯಾಯದಲ್ಲಿ ‘ಪ್ರಿಂಟ್’ ಎಂಬ ಪದದ ನಂತರ ಕಂಸ ಇದೆಯೇ ನೋಡಿ. ಕಂಸ ಇಲ್ಲದಿದ್ದರೆ ಅದು ಹಳೆಯ ಆವೃತ್ತಿಯ ಪುಸ್ತಕ. ಅರ್ಧ ಬೆಲೆಗೆ ಸಿಕ್ಕಿದರೂ ಕೊಳ್ಳಬೇಡಿ. ಸಿ ಭಾಷೆ ಕಲಿಸುವವರು ನೀಲಿ ಪರದೆಯ ‘ಟರ್ಬೋ ಸಿ’ಯಲ್ಲಿ ಕಲಿಸುತ್ತಿದ್ದರೆ ಅದು 1990ರ ಆಸುಪಾಸಿನ ಸಾಧನ ಎಂದು ತಿಳಿಯಿರಿ. ಸಿ ಭಾಷೆಗೆ ಇಂದು ಹೊಸ ಸಾಧನಗಳು ಉಚಿತವಾಗಿಯೇ ಸಿಗುತ್ತವೆ.

ನಾಲ್ಕು: ನಮ್ಮ ಮಗುವಿಗೆ ಆ ಭಾಷೆ ತಿಳಿಯುತ್ತದೆಯೇ? ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಎಂದರೆ ಅಳುಕು. ಆದರೆ ಪೈಥಾನಿನಲ್ಲಿ ಕಾಯ್ದಿರಿಸಿದ ಪದಗಳು ಒಟ್ಟು 35 ಮಾತ್ರ. ಅವು ಇಂಗ್ಲಿಷಿನ ಸಣ್ಣ ಪುಟ್ಟ ಪದಗಳು, ವಾರದಲ್ಲಿ ಬಾಯಿಪಾಠ ಬರುತ್ತವೆ. ಕಷ್ಟವಾಗುವುದು ವಿವರಣೆಯ ಇಂಗ್ಲಿಷ್. ವಿವರಣೆಯನ್ನು ಕನ್ನಡದಲ್ಲಿ ಕೇಳಿದರೆ ಯಾವ ಕೊರತೆಯೂ ಆಗುವುದಿಲ್ಲ.

ಎಲ್ಲಿಂದ ಆರಂಭ?

ಎಂಟರಿಂದ ಹದಿನಾರು ವರ್ಷದ ಮಕ್ಕಳಿಗೆ ‘ಸ್ಕ್ರಾಚ್’ ಇದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನವರು 2007ರಲ್ಲಿ ಬಿಡುಗಡೆ ಮಾಡಿದ ಉಚಿತ ಸಾಧನ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಟ, ಕಥೆ ಮಾಡಬಹುದು. ಟೈಪಿಂಗ್ ತಪ್ಪಿನ ತಲೆನೋವಿಲ್ಲದೆ ಹಂತ ಹಂತವಾಗಿ ಯೋಚಿಸುವ ಅಭ್ಯಾಸ ಬರುತ್ತದೆ.

ಪಿಯುಸಿ, ಡಿಗ್ರಿ ವಯಸ್ಸಿನವರಿಗೆ, ಮದುವೆಯಾಗಿ ಮನೆಯಲ್ಲಿರುವ ವಿದ್ಯಾವಂತ ಸಹೋದರಿಯರಿಗೆ ಪೈಥಾನ್ ಒಳ್ಳೆಯ ಆರಂಭ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಸುಮಾರು ಹತ್ತು ನಿಮಿಷದ ಪಾಠಗಳಿವೆ. ಹಲವು ಕನ್ನಡದಲ್ಲೂ ಇವೆ. ಸ್ವಲ್ಪ ನೋಡಿ, ನಿಲ್ಲಿಸಿ, ತಾನೇ ಮಾಡಿ, ಮುಂದುವರಿಯುವುದು ಅದರ ಕ್ರಮ. ಐಐಟಿಗಳ ಎನ್‌ಪಿಟೆಲ್‌ನಲ್ಲಿ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಎಂಬ ಪಾಠಮಾಲೆಯಿದ್ದು, ವಾರ ವಾರ ಅಭ್ಯಾಸ ಕೊಡುತ್ತಾರೆ. ಸೇರುವುದು, ಕಲಿಯುವುದು ಉಚಿತ. ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಇಂಗ್ಲಿಷ್ ಓದಲು ಬರುವವರು ಅಲ್ ಸ್ವೈಗಾರ್ಟ್ ಬರೆದ ‘ಆಟೋಮೇಟ್ ದ ಬೋರಿಂಗ್ ಸ್ಟಫ್ ವಿತ್ ಪೈಥಾನ್’ ಪುಸ್ತಕವನ್ನು ಲೇಖಕರ ಜಾಲತಾಣದಲ್ಲೇ ಉಚಿತವಾಗಿ ಓದಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ‘ಸಿಎಸ್50’ ಕೂಡ ಉಚಿತ. ಆದರೆ ಅದು ವೇಗವಾಗಿ ಸಾಗುತ್ತದೆ, ಗಟ್ಟಿ ಮನಸ್ಸು ಬೇಕು.

ಇಷ್ಟು ಹೆಸರು ಹೇಳಿದ್ದು ಎಲ್ಲವನ್ನೂ ಹಿಡಿಯಲಿ ಎಂದಲ್ಲ. ಇವುಗಳಲ್ಲಿ ಒಂದನ್ನು ಆರಿಸಿ, ಮುಗಿಯುವವರೆಗೆ ಬಿಡಬೇಡಿ. ಐದನೇ ಪಾಠ ಕಷ್ಟವಾದ ಕೂಡಲೇ ಬೇರೆ ಕೋರ್ಸಿಗೆ ಹಾರುವವನು ಎಲ್ಲ ಕೋರ್ಸುಗಳ ಮೊದಲ ನಾಲ್ಕು ಪಾಠವನ್ನಷ್ಟೇ ಕಲಿಯುತ್ತಾನೆ.

ಹೊಸ ಲ್ಯಾಪ್‌ಟಾಪ್ ಬೇಕೆಂದಿಲ್ಲ. ಪೈಥಾನ್ ಉಚಿತ, ಅದರ ಜೊತೆಗೇ ಬರೆಯಲು ‘ಐಡಲ್’ ಎಂಬ ಸಾಧನವೂ ಬರುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಮೊದಲ ಪಾಠಗಳು ನಡೆಯುತ್ತವೆ. ಅದೂ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಪೈಥಾನ್ ಬರೆಯುವ ಆ್ಯಪ್‌ಗಳಿವೆ. ಕೀಲಿಮಣೆಯ ಅಭ್ಯಾಸ ಬೇಕು ನಿಜ, ಆದರೆ ಆಸಕ್ತಿ ಇದೆಯೇ ಎಂದು ನೋಡಲು ಫೋನ್ ಸಾಕು.

ತಪ್ಪಿಗೆ ಹೆದರಬೇಡಿ

ಅಕ್ಷರ ಹಿಂದುಮುಂದಾದರೂ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ತಪ್ಪು ಎನ್ನುತ್ತದೆ. ನಾವು ‘ಪ್ರಿಂಟ್’ ಪದದ ಕಾಗುಣಿತ ತಪ್ಪಿಸಿದಾಗ ‘ಪ್ರಿಂಟ್ ಎಂದು ಬರೆಯಬೇಕಿತ್ತೇ?’ ಎಂದು ಅದೇ ಕೇಳಿತು! ಆ ಸಂದೇಶದ ಕೊನೆಯ ಸಾಲನ್ನು ನಿಧಾನವಾಗಿ ಓದುವುದನ್ನು ಮೊದಲ ದಿನದಿಂದಲೇ ಕಲಿಯಬೇಕು. ಚಾಟ್‌ಜಿಪಿಟಿಯಂಥ ಸಾಧನಗಳನ್ನು ‘ಈ ತಪ್ಪಿನ ಅರ್ಥವೇನು?’ ಎಂದು ಕೇಳಲು ಬಳಸಲಿ. ‘ಈ ಅಭ್ಯಾಸ ಮಾಡಿಕೊಡು’ ಎಂದಲ್ಲ. ಪಕ್ಕದ ಮಗು ಸಬಕ್ ಒಪ್ಪಿಸಿದರೆ ನಮ್ಮ ಮಗುವಿಗೆ ಬಾಯಿಪಾಠ ಬರುತ್ತದೆಯೇ?

ಹಣದ ಮಾತು

ಕೋಚಿಂಗ್ ಎಲ್ಲವೂ ಮೋಸ ಎಂದು ನಾವು ಹೇಳುವುದಿಲ್ಲ. ಒಳ್ಳೆಯ ಗುರು ಎದುರಿಗೆ ಕುಳಿತು ತಪ್ಪು ತಿದ್ದಿದರೆ ಅದರ ಬೆಲೆ ದೊಡ್ಡದು. ಆದರೆ ಹಣ ಕಟ್ಟುವ ಮೊದಲು ವಿಚಾರಿಸಿ. ಕಲಿಸುವವರು ಯಾರು? ಒಂದು ತರಗತಿಯಲ್ಲಿ ಎಷ್ಟು ಮಂದಿ? ಎರಡು ದಿನ ಕುಳಿತು ನೋಡಲು ಬಿಡುತ್ತಾರೆಯೇ? ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತದೆಂದು ಬರಹದಲ್ಲಿ ಕೊಡುತ್ತಾರೆಯೇ? ‘ನೂರಕ್ಕೆ ನೂರು ಕೆಲಸ ಖಾತರಿ’ ಎಂದರೆ, ಬೇರೊಂದು ಕಂಪನಿ ಕೊಡಬೇಕಾದ ಕೆಲಸಕ್ಕೆ ಇವರು ಹೇಗೆ ಜಾಮೀನು ನಿಲ್ಲುತ್ತಾರೆ ಎಂದು ಕೇಳಿ. ‘ಸುಲಭ ಕಂತು’ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಬಡ್ಡಿ ಸಾಲದ ಕಾಗದ ಇರುತ್ತದೆ. ಓದದೆ ಸಹಿ ಹಾಕಬೇಡಿ. ಬಡ್ಡಿಯ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಹಣ ಕೊಟ್ಟು ಕೊಳ್ಳಬೇಕಾದ ಕೋರ್ಸುಗಳನ್ನು ಕದ್ದು ಟೆಲಿಗ್ರಾಂ ಗುಂಪುಗಳಲ್ಲಿ ಹಂಚುತ್ತಾರೆ. ಹಕ್ಕಿನಿಂದ ಸಿಗುವ ಉಚಿತ ಪಾಠಗಳೇ ಇಷ್ಟಿರುವಾಗ ಇನ್ನೊಬ್ಬರ ದುಡಿಮೆಯನ್ನು ಕದಿಯುವುದೇಕೆ?

ಒಂದು ತಿಂಗಳ ಪರೀಕ್ಷೆ

ದಿನಕ್ಕೆ ಒಂದು ಗಂಟೆ, ಸುಬಹ್ ನಂತರವೋ ಮಗ್ರಿಬ್ ನಂತರವೋ, ಒಂದೇ ಪಾಠಮಾಲೆಯನ್ನು ಮೂವತ್ತು ದಿನ ಮಾಡಿಸಿ. ಕೊನೆಗೆ ಒಂದು ಸಣ್ಣ ಕೆಲಸ ಕೊಡಿ. ಉಳಿತಾಯದ ಮೊತ್ತ, ಸಾಲದ ಮೊತ್ತ, ಆ ದಿನದ ನಿಸಾಬಿನ ಮೊತ್ತ ಕೇಳಿ, ಝಕಾತ್ ಕಡ್ಡಾಯವಾಗುವ ಹಣವಿದ್ದರೆ ಅದರ ಶೇಕಡಾ 2.5 ಎಷ್ಟೆಂದು ಹೇಳುವ ಪ್ರೋಗ್ರಾಮನ್ನು ನೋಡದೆ ಬರೆಯಲಿ. ತಪ್ಪಿದರೂ ತಾನೇ ಹುಡುಕಿ ತಿದ್ದಿಕೊಂಡರೆ ಈ ದಾರಿ ಅವನದೇ. ಆಗ ಮುಂದಿನ ಕಲಿಕೆಗೆ ಹಣ ಖರ್ಚು ಮಾಡುವುದರಲ್ಲಿ ಅರ್ಥವಿದೆ. ಎರಡನೇ ವಾರದಲ್ಲೇ ಬೇಸರವಾದರೆ ಬೈಯಬೇಡಿ. ಅವನ ಯೋಗ್ಯತೆ ಬೇರೆಲ್ಲೋ ಇದೆ. ಅದು ಒಂದು ಪೈಸೆ ಖರ್ಚಿಲ್ಲದೆ ನಿಮಗೆ ಗೊತ್ತಾಯಿತು.

ಆ ಸಹೋದರರಿಗೂ ಇದನ್ನೇ ಹೇಳಿದೆವು. ಮಗ ಜಮಾಅತಿನ ಯುವಕನೊಬ್ಬನ ಹಳೆಯ ಲ್ಯಾಪ್‌ಟಾಪಿನಲ್ಲಿ ಆರಂಭಿಸಿದ. ಮೊದಲ ವಾರ ಎರಡು ಸಲ ಬಿಟ್ಟು ಎದ್ದನಂತೆ. ತಿಂಗಳು ಕಳೆಯುವಷ್ಟರಲ್ಲಿ ತಂದೆಯ ಆಟೋದ ದಿನದ ಸಂಪಾದನೆ, ಬಾಡಿಗೆ, ಗ್ಯಾಸಿನ ಖರ್ಚು ಹಾಕಿದರೆ ಕೈಯಲ್ಲಿ ಉಳಿಯುವುದೆಷ್ಟೆಂದು ತೋರಿಸುವ ಪ್ರೋಗ್ರಾಮ್ ಬರೆದಿದ್ದ. ಈಗ ಬಿಸಿಎಗೆ ಸೇರಿದ್ದಾನೆ, ಪಾಠಮಾಲೆಯನ್ನೂ ಮುಂದುವರಿಸಿದ್ದಾನೆ. ಕೆಲಸ ಸಿಗುವುದು ಇನ್ನೂ ದೂರದ ಮಾತು. ತಾಯಿಯ ಬಳೆ ಮಾತ್ರ ತಾಯಿಯ ಕೈಯಲ್ಲೇ ಇದೆ.

ಜಮಾಅತಿನಲ್ಲಿ ಈ ವಿದ್ಯೆ ಬಲ್ಲವರಿಗೆ ಒಂದು ವಿನಂತಿ: ವಾರಕ್ಕೆ ಒಂದು ಗಂಟೆ ಮದ್ರಸದ ಕೋಣೆಯಲ್ಲಿ ಕುಳಿತು ಹೊಸಬರ ತಪ್ಪು ತಿದ್ದಿಕೊಡಿ. ಪಾಠ ಎಲ್ಲೆಡೆ ಉಚಿತವಾಗಿ ಸಿಗುತ್ತದೆ, ಪಕ್ಕದಲ್ಲಿ ಕುಳಿತು ತಿದ್ದುವವರು ಸಿಗುವುದು ಕಷ್ಟ. ಉಪಕಾರವಾಗುವ ಇಲ್ಮನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.