ಎಂಜಿನ್ನಿನ ಪೆಟ್ಟಿಗೆಗೆ ಹಾಕಿದ ಬೀಗ

ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯನ್ನು ಹೊತ್ತಿಸಲು ಕಿಡಿ ಬೇಕಿಲ್ಲವೆಂಬುದನ್ನು ವಾಚಕರು ಬಲ್ಲರು. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನಾರರಲ್ಲೊಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ; ಆ ಕಾದ ಗಾಳಿಯೊಳಕ್ಕೆ ಚಿಮ್ಮಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಎಣ್ಣೆಯನ್ನು ಯಾವ ಕ್ಷಣದಲ್ಲಿ, ಎಷ್ಟು ಚಿಮ್ಮಿಸಬೇಕೆಂಬುದೇ ಇಲ್ಲಿ ಮುಖ್ಯ. ಹಿಂದೆ ಹಲ್ಲುಚಕ್ರಗಳೂ ಸ್ಪ್ರಿಂಗುಗಳೂ ಮಾಡುತ್ತಿದ್ದ ಈ ಕೆಲಸವನ್ನು ಇಂದಿನ ಕಾರುಗಳಲ್ಲಿ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಕುಳಿತ ಗಣಕವು ಮಾಡುತ್ತದೆ.

ಈ ಗಣಕದ ಸ್ಮೃತಿಯಲ್ಲಿ ಮಗ್ಗಿಯ ಪುಸ್ತಕದಂತೆ ಕೋಷ್ಟಕಗಳಿವೆ. ಎಂಜಿನ್ನು ನಿಮಿಷಕ್ಕೆ ಇಷ್ಟು ಸುತ್ತು ತಿರುಗುತ್ತಿರುವಾಗ, ಚಾಲಕನು ಪೆಡಲನ್ನು ಇಷ್ಟು ಒತ್ತಿದರೆ, ಇಷ್ಟು ಮಿಲಿಗ್ರಾಂ ಎಣ್ಣೆ ಎಂದು ಅಲ್ಲಿ ಬರೆದಿರುತ್ತದೆ. ಆ ಅಂಕಿಗಳನ್ನು ಏರಿಸಿದರೆ ಕಾರಿನ ಬಲವೂ ಏರುವುದು. ಆದರೆ ಗಾಳಿ ಸಾಲದಷ್ಟು ಎಣ್ಣೆ ಸುರಿದರೆ ಮಸಿ ಏಳುತ್ತದೆ. ಜ್ವಾಲೆಯ ಉಷ್ಣತೆ ಮಿತಿಮೀರಿದರೆ ಗಾಳಿಯಲ್ಲಿನ ಸಾರಜನಕವು ಆಮ್ಲಜನಕದೊಡನೆ ಕೂಡಿ, ಶ್ವಾಸಕೋಶಕ್ಕೆ ಕೇಡುಮಾಡುವ ಆಕ್ಸೈಡುಗಳು ಹುಟ್ಟುತ್ತವೆ. ಇದನ್ನು ತಡೆಯುವುದಕ್ಕಾಗಿಯೂ ತಯಾರಕರು ಆ ಕೋಷ್ಟಕಗಳಿಗೆ ಬೀಗ ಹಾಕಿದ್ದಾರೆ.

ಆ ಬೀಗ ಲೋಹದ್ದಲ್ಲ, ಗಣಿತದ್ದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವುಗಳನ್ನು ಮರಳಿ ಪಡೆಯುವುದು ಬಲು ಕಷ್ಟ. ಈ ತತ್ತ್ವವನ್ನು ಆಧರಿಸಿ 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬುವರು ಒಂದು ಬಗೆಯ ಮುದ್ರೆಯನ್ನು ರೂಪಿಸಿದರು. ಮುದ್ರೆಯೊತ್ತುವ ಗುಪ್ತ ಸಂಖ್ಯೆ ತಯಾರಕರಲ್ಲೇ ಉಳಿಯುತ್ತದೆ. ಅದನ್ನು ಪರೀಕ್ಷಿಸುವ ಜೊತೆಸಂಖ್ಯೆ ಮಾತ್ರ ಪೆಟ್ಟಿಗೆಯಲ್ಲಿರುತ್ತದೆ. ಕೋಷ್ಟಕದ ಒಂದೇ ಒಂದು ಅಂಕಿ ಬದಲಾದರೂ ಮುದ್ರೆ ತಾಳೆಯಾಗದು. ಗಣಕವು ಆ ಕೋಷ್ಟಕವನ್ನು ಒಪ್ಪದು.

ಹಾಗಾದರೆ ಈ ಬೀಗವನ್ನು ಮೀರುವವರು ಏನು ಮಾಡುತ್ತಾರೆ? ಅವರು ಗಣಿತವನ್ನು ಸೋಲಿಸುವುದಿಲ್ಲ. ಅದನ್ನು ಬಳಸಿಕೊಂಡು ಹೋಗುತ್ತಾರೆ. ಕೆಲವರು ಮುದ್ರೆಯನ್ನು ಪರೀಕ್ಷಿಸುವ ಪ್ರೋಗ್ರಾಮಿನಲ್ಲೇ ಲೋಪ ಹುಡುಕುತ್ತಾರೆ. ಕೆಲವರು ಪೆಟ್ಟಿಗೆಯನ್ನೇ ಬಿಚ್ಚಿ, ಕಾವಲಿಲ್ಲದ ಹಿತ್ತಿಲ ಬಾಗಿಲಿನಿಂದ ಸ್ಮೃತಿಯನ್ನು ಮುಟ್ಟುತ್ತಾರೆ. ಇನ್ನು ಕೆಲವರು ಪ್ರೋಗ್ರಾಮಿನ ತಂಟೆಗೇ ಹೋಗದೆ, ಎಣ್ಣೆಯ ಒತ್ತಡವನ್ನು ಅಳೆಯುವ ಸಂವೇದಕದ ತಂತಿಯಲ್ಲಿ ಒಂದು ಮಂಡಲವನ್ನು ತೂರಿಸುತ್ತಾರೆ. ಅದು ‘ಒತ್ತಡ ಕಡಮೆಯಿದೆ’ ಎಂದು ಸುಳ್ಳು ಹೇಳುತ್ತದೆ; ನಂಬಿದ ಗಣಕವು ಒತ್ತಡವನ್ನು ಏರಿಸುತ್ತದೆ. ಬೀಗ ಮುರಿಯಲಿಲ್ಲ, ಆದರೂ ಮನೆ ಲೂಟಿಯಾಯಿತು!

ಇಷ್ಟನ್ನು ಕೇಳಿದವರು ಬೀಗ ಇನ್ನೂ ಬಿಗಿಯಾಗಲಿ ಎಂದಾರು. 2015ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯೂ ಹೀಗೆಯೇ ಎಣಿಸಿತು. ಕಾರಿನ ಪ್ರೋಗ್ರಾಮನ್ನು ತೆರೆದು ನೋಡಲು ಕೃತಿಸ್ವಾಮ್ಯ ಕಾನೂನಿನಲ್ಲಿ ವಿನಾಯಿತಿ ಕೊಡಕೂಡದು, ಕೊಟ್ಟರೆ ಜನರು ಬಲ ಹೆಚ್ಚಿಸಿಕೊಂಡು ಗಾಳಿಯನ್ನು ಕೆಡಿಸುವರು ಎಂದು ಅದು ಪತ್ರ ಬರೆಯಿತು. ಎರಡು ತಿಂಗಳು ಕಳೆದು, ಸೆಪ್ಟೆಂಬರ್ 18ರಂದು, ಅದೇ ಸಂಸ್ಥೆಯು ಬೇರೊಂದು ಸಂಗತಿಯನ್ನು ಸಾರಬೇಕಾಯಿತು: ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ವಂಚನೆಯ ಪ್ರೋಗ್ರಾಮು ಕಾರ್ಖಾನೆಯಿಂದಲೇ ಬಂದಿತ್ತು! ಜಗತ್ತಿನಲ್ಲಿ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷವಿದ್ದುವು.

ಇದು ಬಯಲಾದುದು ಹೇಗೆ? ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳತೆಯ ಉಪಕರಣಗಳನ್ನು ಕಾರಿನಲ್ಲಿಯೇ ಹೇರಿಕೊಂಡು ರಸ್ತೆಗಿಳಿದರು. 2014ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಫೋಕ್ಸ್‌ವ್ಯಾಗನ್ನಿನ ಎರಡು ಕಾರುಗಳು ಸಾರಜನಕದ ಆಕ್ಸೈಡುಗಳನ್ನು ಮಿತಿಯ 5ರಿಂದ 35 ಪಟ್ಟು ಉಗುಳುತ್ತಿದ್ದುವು. ಪ್ರಯೋಗಶಾಲೆಯಲ್ಲಾದರೋ ಅವು ಸಾಧುಗಳಾಗಿದ್ದುವು.

ಪೆಟ್ಟಿಗೆಯೊಳಗಿನ ಗುಟ್ಟನ್ನು ಬಿಡಿಸಿ ತೋರಿಸಿದವರು ಜರ್ಮನಿಯ ಫೆಲಿಕ್ಸ್ ಡೋಮ್ಕೆ. ಅವರು ಇಂಥದೊಂದು ಪೆಟ್ಟಿಗೆಯ ಪ್ರೋಗ್ರಾಮನ್ನು ಹೊರತೆಗೆದು ಓದಿ, 2015ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಭೆಯಲ್ಲಿ ವಿವರಿಸಿದರು. ಅದರಲ್ಲಿದ್ದುದು ನಮ್ಮ ವಿದ್ಯಾರ್ಥಿಗಳು ದಿನವೂ ಎಳೆಯುವ ಕಾಲ–ದೂರಗಳ ನಕ್ಷೆ! ಯೂರೋಪಿನ ಅಂದಿನ ಪರೀಕ್ಷೆಯಲ್ಲಿ ಕಾರು 1180 ಸೆಕೆಂಡುಗಳಲ್ಲಿ ಸುಮಾರು 11 ಕಿಲೋಮೀಟರನ್ನು ಗೊತ್ತಾದ ಕ್ರಮದಲ್ಲಿ ಓಡಬೇಕಿತ್ತು. ಕಾರಿನ ಓಟ ಆ ರೇಖೆಯನ್ನು ಅನುಸರಿಸುವವರೆಗೆ ಗಣಕವು ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರಾವಣವನ್ನು ಧಾರಾಳವಾಗಿ ಕೊಡುತ್ತಿತ್ತು. ರೇಖೆಯಿಂದ ಸರಿದೊಡನೆ ಕೈ ಬಿಗಿಹಿಡಿಯುತ್ತಿತ್ತು.

ಆಯಾ ಕೋಷ್ಟಕಕ್ಕೆ ತಯಾರಕರ ಮುದ್ರೆ ಸರಿಯಾಗಿಯೇ ಬಿದ್ದಿತ್ತು. ಅಂಕಿಗಳನ್ನು ಬರೆದವರು ಯಾರೆಂಬುದನ್ನು ಮುದ್ರೆ ಹೇಳಬಲ್ಲದು. ಅವರು ಪ್ರಾಮಾಣಿಕರೋ ಅಲ್ಲವೋ ಎಂಬುದನ್ನು ಹೇಳಲಾರದು. 2015ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಆ ವಿನಾಯಿತಿ ದೊರೆತು, ಒಂದು ವರ್ಷದ ತರುವಾಯ ಜಾರಿಗೆ ಬಂದಿತು. ರಸ್ತೆಯ ಮೇಲೆಯೇ ಹೊಗೆಯನ್ನು ಅಳೆಯುವ ಕ್ರಮವು ಯೂರೋಪಿನಲ್ಲಿ 2017ರಿಂದಲೂ, ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದಲೂ ಹೊಸ ಕಾರುಗಳ ಮಾದರಿಗಳಿಗೆ ಕಡ್ಡಾಯವಾಗಿದೆ.

ಬೀಗವನ್ನು ಮೀರಿ ಅಂಕಿ ತಿದ್ದುವವನೂ, ಬೀಗದ ಮರೆಯಲ್ಲಿ ಅಂಕಿ ತಿದ್ದಿದವನೂ ಕೆಡಿಸುವುದು ನಾವೆಲ್ಲರೂ ಉಸಿರಾಡುವ ಒಂದೇ ಗಾಳಿಯನ್ನು. ಇಬ್ಬರನ್ನೂ ಹಿಡಿಯಬಲ್ಲ ಸಾಕ್ಷಿ ಹೊಗೆಕೊಳವೆಯ ತುದಿಯಲ್ಲಿದೆ. ಅಲ್ಲಿ ಅಳೆದು ನೋಡುವ ವ್ಯವಧಾನ ಮಾತ್ರ ನಮ್ಮಲ್ಲಿರಬೇಕು.